ನಾಲ್ಕು ದಿನದ ದಾರಿ, ಹದಿನೆಂಟು ವರ್ಷದ ‘ಬರ್ತೀನಿ’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ವಯಸ್ಸು ನಲವತ್ತೊಂದು. ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ರಾತ್ರಿ ಪಾಳಿಯ ಸೆಕ್ಯೂರಿಟಿ. ಎದೆ ಡವಗುಟ್ಟುತ್ತದೆ, ಹಗಲು ಮಲಗಿದರೂ ನಿದ್ದೆ ಹತ್ತುವುದಿಲ್ಲ ಎಂದು ವೈದ್ಯರ ಬಳಿ ಹೋಗಿದ್ದರು. ಇಸಿಜಿ, ಥೈರಾಯ್ಡ್ ಎಲ್ಲ ಸರಿಯಿತ್ತು. ಅಲ್ಲಿಂದ ಆಪ್ತಸಲಹೆಗೆಂದು ನನ್ನ ಬಳಿ ಕಳಿಸಿದರು. ಹೆಸರು ಕೇಳಿದಾಗ ತಡವರಿಸಿದರು. “ಎಲ್ಲರೂ ಬಹದ್ದೂರ್ ಅಂತಾರೆ ಮೇಡಂ.” ಅದು ಅವರ ಹೆಸರೇ ಅಲ್ಲ. ಇಲ್ಲಿ ದಾಜು ಎನ್ನುತ್ತೇನೆ, ನೇಪಾಳಿಯಲ್ಲಿ ಅಣ್ಣ ಅಂತ.

ಊರು ನೇಪಾಳದ ದೂರಪಶ್ಚಿಮದ ಅಛಾಮ್ ಜಿಲ್ಲೆ. ಭಾರತಕ್ಕೆ ದುಡಿಯಲು ಹೋಗುವುದಕ್ಕೆ ಅಲ್ಲಿ ‘ಕಾಲಾಪಹಾಡ್’ ಹೋಗುವುದು ಎಂಬ ಮಾತೇ ಇದೆ. ದಾಜುವಿನ ಅಪ್ಪನೂ ಹೋಗಿದ್ದರು. ಉತ್ತರಾಖಂಡದ ಬನಬಸಾದಲ್ಲಿ ಗಡಿ ದಾಟಿದರೆ ಆಯಿತು, ವೀಸಾ ಬೇಡ, ಪಾಸ್‌ಪೋರ್ಟ್ ಬೇಡ. 1950ರ ಭಾರತ–ನೇಪಾಳ ಒಪ್ಪಂದ ಕೊಟ್ಟ ಸಲೀಸು ಇದು.

ಆ ಸಲೀಸೇ ಇವರ ಎದೆಯ ಮೇಲೆ ಕೂತಿದೆ ಎಂದು ನನಗೆ ಹೊಳೆದದ್ದು ಮೂರನೇ ಭೇಟಿಯಲ್ಲಿ. ತಮ್ಮ ಕತಾರ್‌ನಲ್ಲಿದ್ದಾನೆ. ಅವನಿಗೆ ಕರಾರಿದೆ, ನೇಪಾಳ ಸರ್ಕಾರದ ಶ್ರಮ ಪರವಾನಗಿ ಇದೆ, ಅವಘಡವಾದರೆ ಕಲ್ಯಾಣ ನಿಧಿಯ ಆಸರೆ ಇದೆ. ಎರಡು ವರ್ಷಕ್ಕೊಮ್ಮೆ ಬರುತ್ತಾನೆ, ಊರು ಅವನನ್ನು ಎದುರುಗೊಳ್ಳುತ್ತದೆ. ಭಾರತಕ್ಕೆ ಬಂದವರಿಗೆ ಪರವಾನಗಿಯೂ ಇಲ್ಲ, ನಿಧಿಯೂ ಇಲ್ಲ, ಮುಗಿಯುವ ದಿನಾಂಕವೂ ಇಲ್ಲ. ಅಮ್ಮ ಫೋನಿನಲ್ಲಿ ಕೇಳುತ್ತಾರಂತೆ: “ಸಮುದ್ರ ದಾಟಿದವನೇ ಬರ್ತಾನೆ, ಪಕ್ಕದಲ್ಲಿರೋ ನಿನಗೇನು?” ಹದಿನೆಂಟು ವರ್ಷದಿಂದ ದಾಜು ಪ್ರತಿ ಸಲವೂ “ಬರ್ತೀನಿ” ಎನ್ನುತ್ತಾರೆ. ಕಡೆಯ ಸಲ ಹೋಗಿದ್ದು ಆರು ವರ್ಷದ ಹಿಂದೆ. ಜೊತೆಗೊಂದು ಗುಟ್ಟು: ಊರಿನಲ್ಲಿ ಇವರು ‘ಕಂಪನಿ ಸೂಪರ್‌ವೈಸರ್’.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಮೂರು ಭೇಟಿಯವರೆಗೂ ಅವರ ಹೆಂಡತಿಯನ್ನು ಕರೆಸಲಿಲ್ಲ. ಮೂರು ಮನೆಗೆಲಸ ಮಾಡುವ ಆಕೆಗೆ ಬಿಡುವಿಲ್ಲ ಎಂದು ದಾಜು ಹೇಳಿದ್ದನ್ನೇ ನಂಬಿದೆ. ನಾಲ್ಕನೆಯ ಭೇಟಿಗೆ ಬಂದವರು ಕೂರುವ ಮೊದಲೇ ಹೇಳಿದರು: “ನಾನು ವಾಪಸ್ ಹೋಗಲ್ಲ ಮೇಡಂ. ಮಗಳನ್ನೂ ಕಳಿಸಲ್ಲ.” ಅವರ ಭಾಗದಲ್ಲಿ ಮುಟ್ಟಾದ ಹೆಂಗಸರನ್ನು ಮನೆಯಾಚೆಯ ಗುಡಿಸಲಲ್ಲಿ ಮಲಗಿಸುವ ಛೌಪಡಿ ಪದ್ಧತಿ ಇತ್ತು, ಇನ್ನೂ ಪೂರ್ತಿ ಹೋಗಿಲ್ಲ. 2017ರ ಕಾನೂನು ಅದನ್ನು ಅಪರಾಧವೆಂದಿತು, ಜಾರಿಯಾದದ್ದು 2018ರಲ್ಲಿ. “ಕಾನೂನು ಅತ್ತೆ ಮನೇಲಿ ಇರಲ್ಲವಲ್ಲ” ಎಂದರು. ದಾಜು ನೆಲ ನೋಡುತ್ತಿದ್ದರು. ಹದಿನಾರು ವರ್ಷದ ಸಂಸಾರದಲ್ಲಿ ಈ ಮಾತು ಇಬ್ಬರ ನಡುವೆ ಬಂದಿರಲೇ ಇಲ್ಲ. ಹೋಗುವುದು ಹೇಗೂ ಯಾವಾಗ ಬೇಕಾದರೂ ಆಗುತ್ತದಲ್ಲ, ಹಾಗಾಗಿ ಹೋಗಬೇಕೋ ಬೇಡವೋ ಎಂದು ಕೂತು ಮಾತಾಡುವ ಗರಜು ಬೀಳಲಿಲ್ಲ.

ಆಮೇಲೆ ಕೊಟ್ಟ ಸಲಹೆ ಹೀಗಿತ್ತು. ‘ಬರ್ತೀನಿ’ ಎಂಬ ಮಾತನ್ನು ನಿಲ್ಲಿಸಿ. ಅದರ ಬದಲು ಒಂದು ತಾರೀಕು ಹೇಳಿ, ದಶೈಂಗೆ (ನೇಪಾಳಿಗರ ದಸರಾ ಹಬ್ಬ) ಇಷ್ಟು ದಿನಕ್ಕೆ ಬಂದು ಇಷ್ಟು ದಿನಕ್ಕೆ ಹಿಂದಿರುಗುತ್ತೇನೆ ಎಂದು. ಹಿಂದಿರುಗುವ ದಿನವನ್ನೂ ಹೇಳಲೇಬೇಕು, ತಮ್ಮನಿಗೆ ಇರುವ ಮರ್ಯಾದೆ ಆ ದಿನಾಂಕದ್ದೇ. ಊರಲ್ಲಿ ಹೇಳಿರುವ ಕೆಲಸದ ಸುಳ್ಳನ್ನು ಒಮ್ಮೆಲೇ ಒಡೆಯಬೇಡಿ, ಮೊದಲು ಅಮ್ಮನಿಗೊಬ್ಬರಿಗೇ, ಎದುರು ಕೂತು ಹೇಳಿ. ಹಗಲು ನಿದ್ದೆಯ ಐದು ಗಂಟೆ ಫೋನನ್ನು ಹೆಂಡತಿಯ ಕೈಗೆ ಕೊಡಿ.

ಮಗಳಿಗೆ ಹದಿನೈದು, ಹತ್ತನೇ ತರಗತಿ, ಮಾತೆಲ್ಲ ಕನ್ನಡ. ಹದಿನಾರು ತುಂಬಿದರೆ ನೇಪಾಳದ ನಾಗರಿಕತಾ ಪ್ರಮಾಣಪತ್ರ ಪಡೆಯಬಹುದು, ಅದಕ್ಕೆ ಜಿಲ್ಲಾಡಳಿತ ಕಚೇರಿಗೆ ಅಪ್ಪನ ಕಾಗದದೊಂದಿಗೆ ಹೋಗಬೇಕು. ಪತ್ರ ಮಾಡಿಸಲು ಹೋಗುವುದು ಬೇರೆ, ಅಲ್ಲೇ ನೆಲೆಸುವುದು ಬೇರೆ ಎಂದು ತಾಯಿಗೆ ಬಿಡಿಸಿ ಹೇಳಬೇಕಾಯಿತು. ಅಜ್ಜಿಯ ಮನೆಯಲ್ಲಿ ಮಗಳು ಎಲ್ಲಿ ಮಲಗುತ್ತಾಳೆ ಎಂಬುದನ್ನು ಹೊರಡುವ ಮೊದಲೇ ದಾಜು ಅಮ್ಮನಿಗೆ ಹೇಳಿರಬೇಕು, ಹೆಂಡತಿ ಅಲ್ಲ.

ದುಡ್ಡಿನ ವಿಷಯ ಆಪ್ತಸಲಹೆಯ ಕೆಲಸವಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಊರಿಗೆ ಹೋಗುವವರ ಕೈಲಿ ಕೊಟ್ಟ ಹಣ ಎರಡು ಸಲ ತಲುಪಿರಲಿಲ್ಲ, ಎದೆ ಡವಗುಟ್ಟಲು ಶುರುವಾದದ್ದೇ ಆಗ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ವರ್ಗಾಯಿಸುವ ಎನ್‌ಇಎಫ್‌ಟಿ ಮೂಲಕ ನೇಪಾಳಕ್ಕೆ ಕಳಿಸುವ ವ್ಯವಸ್ಥೆ 2008ರಿಂದ ಇದೆ, ಇಲ್ಲಿಯ ಒಂದು ರೂಪಾಯಿ ಅಲ್ಲಿ 1.60 ಆಗುತ್ತದೆ. ಬ್ಯಾಂಕಿಗೆ ಹೋಗುವ ಧೈರ್ಯವಷ್ಟೇ ಬೇಕಿತ್ತು, ಮಗಳು ಜೊತೆ ಹೋದಳು. ಇನ್ನು ಪಿಎಫ್: ಸೆಕ್ಯೂರಿಟಿ ಏಜೆನ್ಸಿ ಪ್ರತಿ ತಿಂಗಳೂ ಸಂಬಳದಲ್ಲಿ ಹಿಡಿಯುತ್ತಿತ್ತು, ಯುಎಎನ್ (ಪಿಎಫ್ ಖಾತೆಯ ಗುರುತಿನ ಸಂಖ್ಯೆ) ಕೇಳಿದರೆ “ನೀನು ನೇಪಾಳಿ, ನಿನಗೆ ಬರಲ್ಲ” ಎನ್ನುತ್ತಿತ್ತು. ಸುಳ್ಳು. ಅದೇ 1950ರ ಒಪ್ಪಂದದ ಕಾರಣ ಪಿಎಫ್ ನಿಯಮದಲ್ಲಿ ನೇಪಾಳಿ ಕೆಲಸಗಾರರನ್ನು ಭಾರತೀಯ ಕೆಲಸಗಾರರೆಂದೇ ಎಣಿಸಬೇಕು. ಲಿಖಿತವಾಗಿ ಕೇಳಿ ಎಂದೆ.

ದಶೈಂಗೆ ಮೂವರೂ ಹೋದರು, ನಾಲ್ಕು ದಿನದ ದಾರಿ. ಅಮ್ಮನಿಗೆ ವಾಚ್‌ಮನ್ ಕೆಲಸದ ಸಂಗತಿ ಮೊದಲೇ ಗೊತ್ತಿತ್ತಂತೆ. ತಮ್ಮ ಯಾವಾಗಲೋ ಹೇಳಿದ್ದ. ಮಗಳು ಮನೆಯೊಳಗೇ ಮಲಗಿದಳು, ಆದರೆ ಅಜ್ಜಿ ಮುಟ್ಟಿನ ಆ ಮೂರು ದಿನ ಮಾತಾಡಲಿಲ್ಲ. ಈಗ ದಾಜುವಿಗೆ ಐದು ಗಂಟೆ ನಿದ್ದೆ ಬರುತ್ತಿದೆ. ಪಿಎಫ್ ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ.