ಅಮೆರಿಕಾದಲ್ಲಿ ಬ್ಲ್ಯಾಕ್, ಬಿಳಿಯರು, ನಮ್ಮಂಥೋರು ಎಲ್ಲ ಸೇರೋ ಚರ್ಚ್ ಕಟ್ಟೋಕೆ ನಿಜವಾಗ್ಲೂ ಆಗುತ್ತಾ?

ನೀವು ಕೇಳಿರೋದು ಎರಡು ವಿಷಯ. ಇಲ್ಲಿ ಬ್ಲ್ಯಾಕ್ ಜನರಿಗೆ ಬೇರೆ ಚರ್ಚ್, ಬಿಳಿಯರಿಗೆ ಬೇರೆ ಚರ್ಚ್ ಅನ್ನೋದು ಇವತ್ತಿಗೂ ನಿಜಾನಾ, ಮತ್ತೆ ಎಲ್ಲರೂ ಮನಸಾರೆ ಸೇರೋ ಸಭೆ ಕಟ್ಟೋಕೆ ಆಗುತ್ತಾ, ಆದ್ರೆ ಹೇಗೆ ಅಂತ. ಎರಡಕ್ಕೂ ನನ್ನ ಉತ್ತರ ಹೌದು. ನಾನು ಊರಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೇಲಿ ಬೆಳೆದವಳು, ಈಗ ಟೆಕ್ಸಾಸಲ್ಲಿ ನಾವು ಹೋಗೋ ಚರ್ಚಲ್ಲಿ ಬ್ಲ್ಯಾಕ್, ಬಿಳಿಯರು, ಮೆಕ್ಸಿಕನ್ನರು, ನೈಜೀರಿಯಾದವರು, ನಮ್ಮ ಕಡೆಯವರು ಎಲ್ಲ ಇದ್ದೀವಿ, ಹಾಗಾಗಿ ಇದು ನಂಗೆ ಬಹಳ ಹತ್ತಿರದ ವಿಷಯ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಬೇರೆ ಆಗಿದ್ದು ಯಾಕೆ ಅಂತ ತಿಳ್ಕೊಳ್ಳಿ. 18ನೇ ಶತಮಾನದ ಕೊನೇಲಿ ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಮೆಥೊಡಿಸ್ಟ್ ಚರ್ಚಲ್ಲಿ ರಿಚರ್ಡ್ ಅಲೆನ್, ಅಬ್ಸಲೋಮ್ ಜೋನ್ಸ್ ಅಂತ ಇಬ್ಬರು ಬ್ಲ್ಯಾಕ್ ಮುಖಂಡರಿದ್ರು. ಒಂದು ಭಾನುವಾರ ಜೋನ್ಸ್ ಮೊಣಕಾಲೂರಿ ಪ್ರಾರ್ಥನೆ ಮಾಡ್ತಿರುವಾಗ್ಲೇ ಚರ್ಚಿನ ಒಬ್ಬ ಟ್ರಸ್ಟಿ ಬಂದು ಇಲ್ಲಿ ಕೂರಬಾರದು ಏಳು ಅಂತ ಹಿಡಿದೆಬ್ಬಿಸಿದ, ಪ್ರಾರ್ಥನೆ ಮುಗೀಲಿ ತಾಳಿ ಅಂದ್ರೂ ಬಿಡ್ಲಿಲ್ಲ. ಆ ಚರ್ಚಿನ ಕಟ್ಟಡಕ್ಕೆ ಇವರೂ ದುಡ್ಡು ಕೊಟ್ಟು ಮೈಮುರಿದು ದುಡಿದವರು. ಪ್ರಾರ್ಥನೆ ಮುಗಿದ ಮೇಲೆ ಅಲ್ಲಿದ್ದ ಬ್ಲ್ಯಾಕ್ ಜನ ಎಲ್ಲರೂ ಒಟ್ಟಿಗೆ ಎದ್ದು ಹೊರಗೆ ನಡೆದ್ರು, 1794ರಲ್ಲಿ ಅಲೆನ್ ಬೆತೆಲ್ ಚರ್ಚ್ ಶುರು ಮಾಡಿದ್ರು, 1816ರಲ್ಲಿ ಅದರಿಂದ್ಲೇ ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಅನ್ನೋ ದೊಡ್ಡ ಸಭೆ ಹುಟ್ಟಿತು. ಆ ಕಡೆ 1845ರಲ್ಲಿ ಸದರ್ನ್ ಬ್ಯಾಪ್ಟಿಸ್ಟ್‌ನವರು (ದಕ್ಷಿಣದ ಬಿಳಿಯರ ದೊಡ್ಡ ಪಂಗಡ) ಉತ್ತರದವರಿಂದ ಬೇರೆ ಆಗಿದ್ದೇ ಗುಲಾಮರನ್ನ ಇಟ್ಕೊಂಡವರು ಮಿಷನರಿ ಆಗಬಹುದಾ ಅನ್ನೋ ಜಗಳಕ್ಕೆ, ಅದಕ್ಕೆ ಅವರು ಅಧಿಕೃತವಾಗಿ ಕ್ಷಮೆ ಕೇಳಿದ್ದು 1995ರಲ್ಲಿ. ಇಷ್ಟೆಲ್ಲ ಆದ ಮೇಲೆ ಬ್ಲ್ಯಾಕ್ ಚರ್ಚಿನವರನ್ನ ನೀವ್ಯಾಕೆ ಇನ್ನೂ ಬೇರೆ ಇದ್ದೀರ ಅಂತ ಕೇಳೋದು ಅನ್ಯಾಯ, ಅವರು ಬೇರೆ ಹೋಗಿದ್ದಲ್ಲ, ಹೊರಗೆ ಹಾಕಿಸ್ಕೊಂಡವರು.

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಕ್ರೈಸ್ತ ಅಮೆರಿಕಾದಲ್ಲಿ ಜನ ಅತಿ ಹೆಚ್ಚು ಬೇರ್ಪಟ್ಟಿರೋ ಹೊತ್ತುಗಳಲ್ಲಿ ಒಂದು ಅಂತ ಮಾರ್ಟಿನ್ ಲೂಥರ್ ಕಿಂಗ್ 1960ರಲ್ಲಿ ಟಿವಿಲಿ ಹೇಳಿದ್ರು. ಆಮೇಲೆ ಬದಲಾಗಿದೆ, ಆದ್ರೆ ನಿಧಾನಕ್ಕೆ. ಯಾವುದೇ ಒಂದು ಜನಾಂಗ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚಿಲ್ಲದ ಸಭೆನ ಬಹುಜನಾಂಗದ ಸಭೆ ಅಂತ ಲೆಕ್ಕ ಹಿಡಿದ್ರೆ 1998ರಲ್ಲಿ ಅಂಥವು ಶೇಕಡಾ 6 ಇದ್ದಿದ್ದು 2019ಕ್ಕೆ ಸುಮಾರು 16 ಆಗಿದೆ. ಇದ್ರಲ್ಲಿ ಬಹುಪಾಲು ಬೇರೆಯವರು ಬಿಳಿಯರ ಸಭೆಗೆ ಬಂದು ಸೇರಿದ್ದು, ಬಿಳಿಯರು ಬ್ಲ್ಯಾಕ್ ಸಭೆಗೆ ಹೋಗಿ ಬ್ಲ್ಯಾಕ್ ಪಾಸ್ಟರ್ ಕೈಕೆಳಗೆ ಕೂತಿದ್ದು ತೀರಾ ಕಡಿಮೆ.

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲೇ ಇರೋದು. ಬಾಗಿಲಲ್ಲಿ ನಿಂತು ನಗುನಗ್ತಾ ವೆಲ್ಕಮ್ ಹೇಳೋದು ಸುಲಭ. ಮನೆಗೆ ಬಂದ ನೆಂಟರಿಗೆ ನಾವು ಚೆನ್ನಾಗೇ ಬಡಿಸ್ತೀವಿ, ಆದ್ರೆ ಮನೆ ಖರ್ಚು ಹೇಗೆ ಮಾಡೋಣ ಅಂತ ಅವರನ್ನ ಕೇಳಲ್ಲ ಅಲ್ವಾ, ಎಷ್ಟೋ ಚರ್ಚಲ್ಲಿ ಬೇರೆ ಬಣ್ಣದವರು ವರ್ಷಗಟ್ಟಲೆ ಹಾಗೇ ನೆಂಟರಾಗೇ ಉಳೀತಾರೆ. ಬೈಬಲಲ್ಲಿ ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯ ಓದಿ. ದಿನದಿನದ ಊಟ ಹಂಚೋದ್ರಲ್ಲಿ ನಮ್ಮ ವಿಧವೆಯರನ್ನ ಬಿಟ್ಟುಬಿಡ್ತಿದ್ದಾರೆ ಅಂತ ಗ್ರೀಕ್ ಮಾತಾಡೋ ಯೆಹೂದ್ಯರು ದೂರಿದಾಗ ಅಪೊಸ್ತಲರು, ಅಂದ್ರೆ ಯೇಸುವಿನ ಮುಖ್ಯ ಶಿಷ್ಯರು, ನಾವೆಲ್ಲ ಕ್ರಿಸ್ತನಲ್ಲಿ ಒಂದೇ, ಸುಮ್ಮನಿರಿ ಅಂತ ಬಾಯಿ ಮುಚ್ಚಿಸಲಿಲ್ಲ. ಏಳು ಜನರನ್ನ ಆರಿಸಿಕೊಳ್ಳಿ ಅಂದ್ರು, ಸಭೆ ಆರಿಸಿದ ಸ್ತೆಫನ, ಫಿಲಿಪ್ಪ ಮೊದಲಾದ ಏಳೂ ಜನರದ್ದು ಗ್ರೀಕ್ ಹೆಸರು. ಅಂದ್ರೆ ಯಾರ ಕಡೆಯಿಂದ ದೂರು ಬಂತೋ ಆ ಕಡೆಯವರ ಕೈಗೇ ಹಂಚೋ ಕೆಲಸ ಹೋಯ್ತು ಅಂತಾನೇ ನಾನು ಓದ್ಕೋತೀನಿ, ಇದಕ್ಕಿಂತ ಒಳ್ಳೆ ಮಾದರಿ ನಂಗೆ ಕಂಡಿಲ್ಲ.

ಬರೀ ಭಾವನೆ ಮೇಲೆ ನಿಂತ್ರೆ ಏನಾಗುತ್ತೆ ಅನ್ನೋದಕ್ಕೆ ಲಾಸ್ ಏಂಜಲೀಸ್‌ನ ಅಜುಸಾ ಸ್ಟ್ರೀಟ್ ನೋಡಿ. 1906ರಲ್ಲಿ ಅಲ್ಲಿ ಉಜ್ಜೀವನ (ಭಕ್ತಿಯ ದೊಡ್ಡ ಅಲೆ) ಶುರುವಾದಾಗ ಮುಂದೆ ನಿಂತಿದ್ದು ವಿಲಿಯಂ ಸೀಮೋರ್, ಗುಲಾಮರಾಗಿದ್ದ ತಂದೆತಾಯಿಯ ಮಗ, ಹ್ಯೂಸ್ಟನ್‌ನಲ್ಲಿ ಬೈಬಲ್ ಪಾಠಕ್ಕೆ ಹೋದ್ರೆ ಬಿಳಿಯರ ಜೊತೆ ಒಳಗೆ ಕೂರೋ ಹಾಗಿಲ್ಲ ಅಂತ ಬಾಗಿಲಾಚೆ ಕೂತು ಕೇಳಿಸ್ಕೊಂಡ ಮನುಷ್ಯ. (ಅದರ ಹಿಂದಿನ ವರ್ಷವೇ ಪುಣೆ ಹತ್ರ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್‌ನಲ್ಲೂ ಇಂಥದ್ದೇ ಉಜ್ಜೀವನ ಆಗಿತ್ತು, ರಮಾಬಾಯಿ ಹುಟ್ಟಿದ್ದು ನಮ್ಮ ಗಂಗಾಮೂಲದಲ್ಲಿ ಅನ್ನೋದು ನೆನಪಾದಾಗೆಲ್ಲ ಹೆಮ್ಮೆ ಆಗುತ್ತೆ.) ಅಜುಸಾದಲ್ಲಿ ಬ್ಲ್ಯಾಕ್, ಬಿಳಿಯರು, ಮೆಕ್ಸಿಕನ್ನರು ಒಂದೇ ಕಡೆ ಮೊಣಕಾಲೂರಿ ಅತ್ತು ಪ್ರಾರ್ಥನೆ ಮಾಡಿದ್ರು, ಅದು ಸುಳ್ಳಲ್ಲ, ಆದ್ರೆ ಕೆಲವೇ ವರ್ಷದಲ್ಲಿ ಆ ಉಜ್ಜೀವನದಿಂದ ಬೆಳೆದ ಪೆಂಟೆಕೋಸ್ಟಲ್ ಪಂಗಡದವರೂ ಬಣ್ಣದ ಪ್ರಕಾರ ಬೇರೆ ಬೇರೆ ಸಂಸ್ಥೆ ಮಾಡ್ಕೊಂಡ್ರು. 1994ರಲ್ಲಿ ಮೆಂಫಿಸ್‌ನಲ್ಲಿ ಸೇರಿ ಬಿಳಿಯರದ್ದಷ್ಟೇ ಆಗಿದ್ದ ಒಕ್ಕೂಟನ ವಿಸರ್ಜನೆ ಮಾಡಿದ್ರು, ಒಬ್ಬ ಬಿಳಿಯ ಪಾಸ್ಟರ್ ಬ್ಲ್ಯಾಕ್ ಬಿಷಪ್ ಕಾಲು ತೊಳೆದ್ರು. ನಂಗೆ ಇದ್ರಲ್ಲಿ ಕಾಲು ತೊಳೆದಿದ್ದಕ್ಕಿಂತ ಹಳೇ ಒಕ್ಕೂಟ ಮುಚ್ಚಿದ್ದೇ ದೊಡ್ಡದು ಅನ್ಸುತ್ತೆ.

ಇನ್ನೊಂದು ಕಡೆ ಹೊವರ್ಡ್ ಥರ್ಮನ್ ಅನ್ನೋ ಬ್ಲ್ಯಾಕ್ ಪಾದ್ರಿ. ಇವರು 1935-36ರಲ್ಲಿ ಬ್ಲ್ಯಾಕ್ ಕ್ರೈಸ್ತರ ತಂಡ ಕಟ್ಕೊಂಡು ಭಾರತ, ಸಿಲೋನ್ (ಈಗಿನ ಶ್ರೀಲಂಕಾ) ಎಲ್ಲ ಸುತ್ತಿ ಗಾಂಧೀಜಿನ ಭೇಟಿ ಮಾಡಿದವರು. ನಿಮ್ಮನ್ನ ಗುಲಾಮರಾಗಿ ಮಾರಿದವರ ಧರ್ಮ ನೀವ್ಯಾಕೆ ಹಿಡ್ಕೊಂಡಿದ್ದೀರ ಅಂತ ಸಿಲೋನ್‌ನಲ್ಲಿ ಒಬ್ಬರು ಮುಖಕ್ಕೇ ಕೇಳಿದ್ರಂತೆ, ಆ ಪ್ರಶ್ನೆ ಅವರನ್ನ ಬಿಡ್ಲೇ ಇಲ್ಲ. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಲ್ಫ್ರೆಡ್ ಫಿಸ್ಕ್ ಅನ್ನೋ ಬಿಳಿಯ ಪಾದ್ರಿ ಜೊತೆ ಸೇರಿ ಎಲ್ಲ ಜನಾಂಗದವರ ಚರ್ಚ್ ಶುರು ಮಾಡಿದ್ರು. ಶುರುವಿನಿಂದ್ಲೇ ಇಬ್ಬರೂ ಜೊತೆ ಪಾಸ್ಟರ್‌ಗಳು, ಒಬ್ಬರ ಕೈಕೆಳಗೆ ಇನ್ನೊಬ್ಬರಲ್ಲ. ಆ ಚರ್ಚ್ ಇವತ್ತಿಗೂ ಇದೆ.

ಮಿಸಿಸಿಪ್ಪಿಯ ಬ್ಲ್ಯಾಕ್ ಪಾದ್ರಿ ಜಾನ್ ಪರ್ಕಿನ್ಸ್ ಅವರದ್ದೂ ಓದಿ, 1970ರಲ್ಲಿ ಪೊಲೀಸರು ಜೈಲಲ್ಲಿ ಸಾಯೋ ಹಾಗೆ ಹೊಡೆದ್ರೂ ದ್ವೇಷ ಹಿಡೀಲಿಲ್ಲ. ಆದ್ರೆ ಅವರು ಕ್ಷಮೆ ಒಂದೇ ಸಾಕು ಅನ್ನಲಿಲ್ಲ, ಬಡವರ ಕೇರಿಗೇ ಬಂದು ವಾಸ ಮಾಡಿ, ರಾಜಿ ಆಗಿ, ಇರೋದನ್ನ ಹಂಚ್ಕೊಳ್ಳಿ, ಮೂರೂ ಬೇಕು ಅಂದ್ರು.

ನಮ್ಮ ಚರ್ಚ್ ಬಗ್ಗೆ ಹೇಳ್ಬೇಕಂದ್ರೆ, ಎಲ್ಡರ್‌ಗಳಲ್ಲಿ (ಸಭೆ ನಡೆಸೋ ಹಿರಿಯರು) ಎಲ್ಲ ಕಡೆಯವರೂ ಇದ್ದಾರೆ, ಪ್ರಸಂಗ ಅಂದ್ರೆ ಬೋಧನೆ ಸರದಿ ಮೇಲೆ, ಸ್ಪ್ಯಾನಿಶ್ ಹಾಡು ಹಬ್ಬಕ್ಕೆ ಮಾತ್ರ ಅಲ್ಲ ಮಾಮೂಲಿ ಭಾನುವಾರಾನೂ ಇರುತ್ತೆ. 2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಕೈಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಮಾಮೂಲಿ ಪ್ರಸಂಗ ಬದಿಗಿಟ್ಟು ಬ್ಲ್ಯಾಕ್ ಎಲ್ಡರ್ ಒಬ್ಬರಿಗೆ ಮಾತಾಡೋಕೆ ಬಿಟ್ರು, ಉಳಿದವರು ಕೇಳಿಸ್ಕೊಂಡ್ವಿ. ಕೆಲವರಿಗೆ ಇದು ರಾಜಕೀಯ ಅನ್ಸಿ ಚರ್ಚ್ ಬಿಟ್ಟೂ ಹೋದ್ರು. ಬೇಜಾರಾಯ್ತು, ಆದ್ರೂ ಅವತ್ತು ಸುಮ್ಮನಿದ್ದಿದ್ರೆ ಬ್ಲ್ಯಾಕ್ ಮನೆಗಳವರು ಮುಖಕ್ಕೆ ಏನೂ ಹೇಳದೆ ಒಬ್ಬೊಬ್ಬರಾಗಿ ಹೋಗ್ತಿದ್ರು ಅಂತ ನಾನು ನಂಬ್ತೀನಿ.

ನಾವು ಭಾರತದವರು ಇದ್ರಲ್ಲಿ ಬರೀ ನೋಡೋರಲ್ಲ. ಮಲಯಾಳಿ, ತೆಲುಗು, ತಮಿಳು ಸಭೆಗಳಿವೆ, ತಾಯ್ನುಡೀಲಿ ಪ್ರಾರ್ಥನೆ ಮಾಡೋ ಆಸೆ ತಪ್ಪಲ್ಲ. ಆದ್ರೆ ಬ್ಲ್ಯಾಕ್ ಏರಿಯಾ ಬೇಡ ಅಂತ ಮನೆ ಹುಡುಕೋದು, ಕ್ರೈಸ್ತರಾದ್ಮೇಲೂ ಮದುವೆಗೆ ಜಾತಿ ಕೇಳೋದು, ಇವೆರಡೂ ನಂಗೆ ಬೇರೆ ಬೇರೆ ಅನ್ಸಲ್ಲ.

ನೀವು ಅಮೆರಿಕಾಗೆ ಬಂದ್ಮೇಲೆ ಚರ್ಚ್ ಹುಡುಕುವಾಗ ವೆಬ್‌ಸೈಟ್ ಫೋಟೋ ನೋಡಿ ತೀರ್ಮಾನ ಮಾಡ್ಬೇಡಿ. ಎಲ್ಡರ್‌ಗಳು ಯಾರು, ಕಾಣಿಕೆ ದುಡ್ಡು ಎಲ್ಲಿಗೆ ಹೋಗ್ಬೇಕು ಅಂತ ಯಾರು ಹೇಳ್ತಾರೆ ಅಂತ ಕೇಳಿ, ಆರಾಧನೆ ಆದ್ಮೇಲೆ ಊಟಕ್ಕೆ ನಿಂತು ಯಾರು ಯಾರ ಜೊತೆ ಕೂರ್ತಾರೆ ನೋಡಿ. ಜೊತೆಗೆ ಒಂದೆರಡು ತಿಂಗಳು ಹತ್ತಿರದ ಬ್ಲ್ಯಾಕ್ ಚರ್ಚಿಗೂ ಹೋಗಿ ಬನ್ನಿ, ಮಕ್ಕಳನ್ನೂ ಕರ್ಕೊಂಡು ಹೋಗಿ.