ಡ್ರಾಯರ್ ಬಿಚ್ಚಿಸಿ, ಆಮೇಲೆ ಪೆನ್ಸಿಲ್ ಹಿಡಿಸಿ

ಪ್ರಶ್ನೆ: ಮೇಡಂ, ಹೋದ ವರ್ಷದಿಂದ ಇಂಟೀರಿಯರ್ ಡಿಸೈನ್ ಪಾಠ ಮಾಡುತ್ತಿದ್ದೇನೆ. ಮಕ್ಕಳು ಕಂಪ್ಯೂಟರಿನಲ್ಲಿ ಮಾಡುವ ಚಿತ್ರ ಫೋಟೋ ತೆಗೆದ ಹಾಗೆ ಇರುತ್ತದೆ. ಆದರೆ "ಈ ಡ್ರಾಯರ್ ಯಾವುದರ ಮೇಲೆ ಓಡುತ್ತೆ?" ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಈ ಸೆಮಿಸ್ಟರ್ ಡೀಟೇಲಿಂಗ್ ವಿಷಯ, ಅಂದರೆ ಒಂದೊಂದು ತುಂಡು ಹೇಗೆ ಸೇರುತ್ತದೆ ಎಂದು ಅಳತೆ ಸಮೇತ ಬರೆಯುವುದು, ನನಗೇ ಬಂದಿದೆ. ಎಲ್ಲಿಂದ ಶುರು ಮಾಡಲಿ?
(ಉಪನ್ಯಾಸಕಿ, ಹುಬ್ಬಳ್ಳಿ)

ಉತ್ತರ: ಡ್ರಾಯರಿನಿಂದಲೇ ಶುರು ಮಾಡಿ. ಗುಜರಿ ಅಂಗಡಿಯಲ್ಲಿ ಡ್ರಾಯರ್ ಇರುವ ಹಳೆಯ ಮೇಜು ಸಿಗುತ್ತದೆ. ಎರಡು ಮೂರು ತನ್ನಿ, ಜೊತೆಗೆ ಸ್ಕ್ರೂಡ್ರೈವರ್. ಮೊದಲ ದಿನ ಬೋರ್ಡಿನ ಮೇಲೆ ಏನೂ ಬರೆಯಬೇಡಿ. ಐದೈದು ಮಕ್ಕಳ ಗುಂಪು ಮಾಡಿ ಬಿಚ್ಚಲು ಹೇಳಿ. ಬಿಚ್ಚಿದ ತುಂಡುಗಳ ಮೇಲೆ ಒಂದು, ಎರಡು, ಮೂರು ಎಂದು ನಂಬರ್ ಬರೆಸಿ. ಕೊನೆಯ ನಂಬರಿನಿಂದ ಹಿಂದಕ್ಕೆ ಬಂದರೆ ಆ ಮೇಜನ್ನು ಕಟ್ಟಿದ ಕ್ರಮ ಸಿಗುತ್ತದೆ. ಮಕ್ಕಳಿಗೆ ಈ ಕ್ರಮ ಗೊತ್ತಾಗಬೇಕು. ಚಿತ್ರದಲ್ಲಿ ಎಲ್ಲ ತುಂಡುಗಳೂ ಒಟ್ಟಿಗೇ ಇರುತ್ತವೆ. ಕೆಲಸದ ಜಾಗದಲ್ಲಿ ಒಂದಾದ ಮೇಲೆ ಒಂದು ಬರುತ್ತವೆ.

ಮರುದಿನ ಲೆಕ್ಕ ಮಾಡಿಸಿ. ಬೀರುವಿನ ಒಂದು ಖಾನೆಯ ಹೊರಗಿನ ಅಗಲ 600 ಮಿ.ಮೀ. ಅಂದುಕೊಳ್ಳಿ. ಎರಡು ಪಕ್ಕದ 18 ಮಿ.ಮೀ. ದಪ್ಪದ ಪ್ಲೈವುಡ್ ಕಳೆದರೆ 564. ಒಳಮೈಗೆ ಅಂಟಿಸುವ 0.8ರ ತೆಳು ಹಾಳೆ, ಲ್ಯಾಮಿನೇಟ್, ಎರಡೂ ಕಡೆ ಕಳೆದರೆ 562 ಚಿಲ್ಲರೆ. ಡ್ರಾಯರ್ ಓಡುವ ಲೋಹದ ಹಳಿ, ಟೆಲಿಸ್ಕೋಪಿಕ್ ಚಾನೆಲ್, ಒಂದೊಂದು ಕಡೆ 13ರಂತೆ 26 ತೆಗೆದುಕೊಳ್ಳುತ್ತದೆ. ಉಳಿದದ್ದು 536. ಡ್ರಾಯರಿಗೆ ತನ್ನದೇ ಗೋಡೆ ಬೇಕಲ್ಲ, 12ರ ಪ್ಲೈ ಎರಡು. ಬಟ್ಟೆ ಇಡಲು ಸಿಗುವುದು 512. ಚಿತ್ರದಲ್ಲಿ 600 ಎಂದು ಬರೆದಿದ್ದ ಹುಡುಗಿಗೆ ಸುಮಾರು ಒಂಬತ್ತು ಸೆಂಟಿಮೀಟರ್ ಎಲ್ಲಿ ಹೋಯಿತು ಎಂದು ಅವಳ ಕೈಯಲ್ಲೇ ಗೊತ್ತಾಗುತ್ತದೆ. ನೀವು ವಿವರಿಸುವ ಅಗತ್ಯವೇ ಬರುವುದಿಲ್ಲ.

ನನಗೆ ಇದನ್ನು ಕಲಿಸಿದವರು ಮರಗೆಲಸದ ಒಬ್ಬ ಆಚಾರ್ರು. ಪಾಠಕ್ಕೆ ಬರುವ ಮೊದಲು ಮೈಸೂರಿನಲ್ಲಿ ಮನೆಗಳ ಒಳಾಂಗಣ ಮಾಡುತ್ತಿದ್ದೆ. ಒಂದು ಬೀರು ಬರೆದಿದ್ದೆ. ಎರಡು ಬಾಗಿಲು, ಒಳಗೆ ಪೂರ್ತಿ ಅಗಲದ ಡ್ರಾಯರ್. ಬಾಗಿಲು ಚೌಕಟ್ಟಿನ ಮುಂದೆ ಬರದೆ ಒಳಗೇ ಕೂರುವಂಥದ್ದು, ನಾವು ಇನ್‌ಸೆಟ್ ಅನ್ನುತ್ತೇವಲ್ಲ, ಅದು. ಆಚಾರ್ರು ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ತುಂಡು ಪ್ಲೈ ತಂದು, ಬಾಗಿಲು ತೆರೆದಿದೆ ಅನ್ನುವ ಹಾಗೆ ಪಕ್ಕಕ್ಕೆ ಹಿಡಿದು, "ಇದು ಬಾಗಿಲು ಅಂದ್ಕೊಳ್ಳಿ ಮೇಡಮ್ಮೋರೇ. ಈಗ ಡ್ರಾಯರ್ ಎಳೀರಿ" ಅಂದರು. ಎಳೆಯಲು ಎಲ್ಲಿ ದಾರಿ? ತೆರೆದ ಬಾಗಿಲಿನ ದಪ್ಪ ದಾರಿಯಲ್ಲೇ ನಿಂತಿತ್ತು. ಅವರು ಎರಡೂ ಕಡೆ ಚಾನೆಲ್ ಹಿಂದೆ 25 ಮಿ.ಮೀ. ಪ್ಯಾಕಿಂಗ್ ಪಟ್ಟಿ ಕೊಟ್ಟು, ಡ್ರಾಯರನ್ನು ಅಷ್ಟು ಸಣ್ಣದು ಮಾಡಿದರು. ಆ ಪ್ಲೈ ತುಂಡನ್ನು ನಾನು ಮನೆಗೆ ತಂದೆ. 22 ವರ್ಷದಿಂದ ಪ್ರತಿ ಹೊಸ ತರಗತಿಗೂ ಅದನ್ನೇ ಹಿಡಿದುಕೊಂಡು ಹೋಗುತ್ತೇನೆ.

ಆಮೇಲೆ 1:1 ಚಿತ್ರ, ಅಂದರೆ ನಿಜದ ಅಳತೆಯಷ್ಟೇ ದೊಡ್ಡದು. ಕಂದು ಹಾಳೆಯ ಮೇಲೆ, ಪೆನ್ಸಿಲ್‌ನಲ್ಲಿ, ಬಾಗಿಲಿನ ಒಂದು ಮೂಲೆ ಮಾತ್ರ. ಇಪ್ಪತ್ತು ಪಟ್ಟು ಚಿಕ್ಕದಾದ 1:20ರಲ್ಲಿ 18 ಮಿ.ಮೀ. ಪ್ಲೈ ಅಂದರೆ ಒಂದು ಮಿ.ಮೀ.ಗಿಂತ ಸಣ್ಣ ಗೆರೆ. ಅದರೊಳಗೆ ಯಾವ ತಪ್ಪು ಬೇಕಾದರೂ ಅಡಗುತ್ತದೆ. 1:1ರಲ್ಲಿ ಅಡಗಲು ಜಾಗವಿಲ್ಲ. ಒಬ್ಬ ಹುಡುಗ ಹಗುರ ಇರಲಿ ಎಂದು 12ರ ಪ್ಲೈ ಬಾಗಿಲು ಬರೆದಿದ್ದ. ಬಾಗಿಲನ್ನು ತಾನೇ ಮುಚ್ಚುವ ಕೀಲಿನ, ಅಂದರೆ ಆಟೋ ಹಿಂಜಿನ, ಬಟ್ಟಲಿಗೆ 35 ಮಿ.ಮೀ. ಅಗಲದ, ಸುಮಾರು 12 ಮಿ.ಮೀ. ಆಳದ ಗುಂಡಿ ಕೊರೆಯಬೇಕು. ನಿಜದ ಹಿಂಜನ್ನು ಹಾಳೆಯ ಮೇಲೆ ಇಟ್ಟ ತಕ್ಷಣ ಅವನೇ ನಕ್ಕ, ಅವನೇ ಅಳಿಸಿದ.

ಇನ್ನೊಂದು ಮಾತು. ಕೊನೆಯ ತಿಂಗಳು ಒಬ್ಬ ಬಡಗಿಯನ್ನು ತರಗತಿಗೆ ಕರೆಸಿ, ಅವರಿಗೆ ಗೌರವಧನ ಕೊಡಿಸಿ. ಕಾಲೇಜಿನವರು ಒಪ್ಪದಿದ್ದರೆ ಬಿಡಬೇಡಿ, ಮತ್ತೆ ಕೇಳಿ. ಲ್ಯಾಮಿನೇಟ್ ಅಂಟಿಸುವಾಗ ಅಂಚಿನ ಪಟ್ಟಿ ಮೊದಲೋ ಮುಖ ಮೊದಲೋ ಎಂಬ ಒಂದು ಪ್ರಶ್ನೆ ಸಾಕು, ಅರ್ಧ ಗಂಟೆ ಚರ್ಚೆ ಆಗುತ್ತದೆ. ಅಂಚು ಮೊದಲು ಅಂಟಿಸಿ ಮುಖ ಅದರ ಮೇಲೆ ಬಂದರೆ, ಲ್ಯಾಮಿನೇಟಿನ ಕತ್ತರಿಸಿದ ತುದಿಯ ಕಂದು ಗೆರೆ ಪಕ್ಕಕ್ಕೆ ಹೋಗುತ್ತದೆ. ಉಲ್ಟಾ ಮಾಡಿದರೆ ಎದುರಿಗೇ ಕಾಣುತ್ತದೆ. ಈ ಒಂದು ಗೆರೆಗಾಗಿ ಬಡಗಿ ಪಡುವ ಕಾಳಜಿಯನ್ನು ಮಕ್ಕಳು ಕಣ್ಣಾರೆ ನೋಡಬೇಕು.

ಪ್ರಶ್ನೆ: ಈಗ ಎಲ್ಲ ಕಡೆ ಪ್ಲೈವುಡ್ಡೇ ಅಲ್ವಾ? ಸಾಫ್ಟ್‌ವೇರಿನಲ್ಲಿ ರೆಡಿ ಡೀಟೇಲ್ ಕೂಡ ಸಿಗುತ್ತದೆ. ಆದರೂ ನಮಗೆ ಹಳೆಯ ಮರಗೆಲಸದ ಜೋಡಣೆಗಳನ್ನು ಕೈಯಲ್ಲೇ ಮಾಡಿಸುತ್ತಾರೆ. ಇದು ಸುಮ್ನೆ ಸಮಯ ಹಾಳಲ್ವಾ?
(ಎರಡನೇ ವರ್ಷದ ವಿದ್ಯಾರ್ಥಿ, ಮಂಗಳೂರು)

ಉತ್ತರ: ನಿಮ್ಮೂರಿನಲ್ಲಿ ಇದಕ್ಕೆ ಉತ್ತರ ಎಲ್ಲ ಬೀದಿಯಲ್ಲೂ ಇದೆ. ಒಂದು ಹಳೆಯ ಮನೆಗೆ ಹೋಗಿ, ಮುಂಬಾಗಿಲು ನೋಡಿ. ದಪ್ಪ ಚೌಕಟ್ಟು, ನಡುವೆ ತೆಳು ಹಲಗೆ. ಆ ಹಲಗೆಯನ್ನು ಚೌಕಟ್ಟಿಗೆ ಅಂಟಿಸಿರುವುದಿಲ್ಲ. ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಸುಮ್ಮನೆ ಕೂರಿಸಿರುತ್ತಾರೆ. ಯಾಕೆ? ತೇವಕ್ಕೆ ಮರ ಉದ್ದಕ್ಕೆ ಹೆಚ್ಚೇನೂ ಹಿಗ್ಗುವುದಿಲ್ಲ, ಆದರೆ ಅಗಲಕ್ಕೆ ಹಿಗ್ಗುತ್ತದೆ. ಜುಲೈ ಮಳೆಯಲ್ಲಿ ಹಲಗೆ ಹಿಗ್ಗಿದರೆ ತೋಡಿನೊಳಗೆ ಜಾಗ ಇದೆ. ಬೇಸಿಗೆಯಲ್ಲಿ ಕುಗ್ಗಿದರೆ ಸೀಳುವುದಿಲ್ಲ. ಅಂಟು ಹಾಕಿದ್ದರೆ ಎಂದೋ ಬಿರುಕು ಬಿಡುತ್ತಿತ್ತು. ಆ ಬಾಗಿಲು ಮಾಡಿದವರು ಮುಂದಿನ ಎಲ್ಲ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಪ್ಲೈಗೆ ಈ ಕಷ್ಟ ಕಡಿಮೆ, ನಿಜ. ಅದರ ಪದರಗಳ ನಾರು ಒಂದಕ್ಕೊಂದು ಅಡ್ಡ ಇರುವುದರಿಂದ ಒಂದು ಹಿಗ್ಗಲು ಹೋದರೆ ಇನ್ನೊಂದು ತಡೆಯುತ್ತದೆ. ಆದರೆ ಅದಕ್ಕೆ ಬೇರೆ ಕಾಯಿಲೆಗಳಿವೆ. ಅಂಚಿಗೆ ಸ್ಕ್ರೂ ಹೊಡೆದರೆ ಪದರ ಬಿಡಬಹುದು. ಒಂದೇ ಮುಖಕ್ಕೆ ಲ್ಯಾಮಿನೇಟ್ ಅಂಟಿಸಿದರೆ ಬಾಗಿಲು ಬಾಗುತ್ತದೆ, ಅದಕ್ಕೇ ಒಳಗಡೆಯೂ 0.8ರದ್ದು ಅಂಟಿಸುವುದು. ಸಿಂಕಿನ ಕೆಳಗೆ ಎಂಆರ್ ಪ್ಲೈ (ಬರೀ ತೇವ ತಡೆಯುವಂಥದ್ದು) ಹಾಕಿದರೆ ಉಬ್ಬುತ್ತದೆ, ಅಲ್ಲಿ ಐಎಸ್ 710 ಗುರುತಿನ ಮರೀನ್ ಪ್ಲೈಯೇ (ನೀರು ತಡೆಯುವಂಥದ್ದು) ಬೇಕು. ರೆಡಿ ಡೀಟೇಲಿನಲ್ಲಿ ಗೆರೆ ಇರುತ್ತದೆ, ಈ ಕಾರಣಗಳು ಇರುವುದಿಲ್ಲ. ಯಾರದೋ ಊರಿನ ಹವೆಗೆ ಬರೆದದ್ದನ್ನು ಮಂಗಳೂರಿನ ಮಳೆಗೆ ಹಾಕುತ್ತೀರಿ.

ಉಳಿ ಹಿಡಿದು ಒಂದು ಮರಕ್ಕೆ ತೂತು, ಇನ್ನೊಂದಕ್ಕೆ ನಾಲಿಗೆ ಮಾಡಿ ನೋಡಿ. ಅರ್ಧ ಮಿ.ಮೀ. ಅಂದರೆ ಎಷ್ಟು ಎಂದು ಬೆರಳಿಗೆ ಗೊತ್ತಾಗುತ್ತದೆ. ಅದನ್ನು ಪರದೆ ಕಲಿಸಲಾರದು. ನೆದರ್ಲೆಂಡ್ಸಿನ ವಿನ್ಯಾಸಕಾರ ಗೆರಿಟ್ ರೀಟ್‌ವೆಲ್ಡ್ 1918ರ ಸುಮಾರಿಗೆ ಮಾಡಿದ ಕುರ್ಚಿಯನ್ನೂ ಒಮ್ಮೆ ನೋಡಿ. ಮುಂದೆ ಅದಕ್ಕೆ ಕೆಂಪು, ನೀಲಿ ಬಣ್ಣ ಬಂತು. ಅವರು ಬಡಗಿಯ ಮಗ, ಅಪ್ಪನ ಕೆಲಸದ ಮನೆಯಲ್ಲೇ ಕೈ ಪಳಗಿಸಿಕೊಂಡವರು. ಆ ಕುರ್ಚಿಯಲ್ಲಿ ಕೋಲುಗಳು ಒಂದಕ್ಕೊಂದು ಚುಚ್ಚಿಕೊಳ್ಳುವುದಿಲ್ಲ. ಪಕ್ಕಪಕ್ಕ ತಾಗಿಕೊಂಡು ಮುಂದೆ ಹೋಗುತ್ತವೆ, ಒಳಗಿನ ಸಣ್ಣ ಮರದ ಗೂಟ ಹಿಡಿದಿಟ್ಟಿರುತ್ತದೆ. ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಅದರ 1:5 ಮಾದರಿ ಮಾಡುತ್ತಾರೆ. ಮೂರು ಕೋಲು ಸೇರುವ ಮೂಲೆ ಮೊದಲ ಸಲ ಯಾರಿಗೂ ಸರಿ ಬರುವುದಿಲ್ಲ. ಮೂರನೆಯ ಸಲಕ್ಕೆ ಬರುತ್ತದೆ.

ಪ್ರಶ್ನೆ: ಮಗಳು ಇಂಟೀರಿಯರ್ ಡಿಸೈನ್ ಸೇರುತ್ತಿದ್ದಾಳೆ. ದುಬಾರಿ ಲ್ಯಾಪ್‌ಟಾಪ್ ಈಗಲೇ ಬೇಕಾ?
(ತಂದೆ, ತುಮಕೂರು)

ಉತ್ತರ: ಈಗಲೇ ಬೇಡ. ಮೊದಲು ಒಂದು 5 ಮೀಟರ್ ಟೇಪು, 15 ಸೆಂ.ಮೀ. ಸ್ಟೀಲ್ ಸ್ಕೇಲು, ಗೆರೆಯಿಲ್ಲದ ನೋಟ್‌ಬುಕ್ ಕೊಡಿಸಿ. ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತದೆ ಎಂದು ಅಂಗಡಿಗೆ ವಾಪಸ್ ಕೊಡಬೇಡಿ. ಅದು ಬೇಕೆಂದೇ ಹಾಗಿದೆ. ಮೇಜಿನ ಅಂಚಿಗೆ ಸಿಕ್ಕಿಸಿ ಎಳೆದಾಗ ಕೊಕ್ಕೆ ತನ್ನ ದಪ್ಪದಷ್ಟು ಹೊರಗೆ ಬರುತ್ತದೆ. ಗೋಡೆಗೆ ಒತ್ತಿ ಅಳೆದಾಗ ಅಷ್ಟೇ ಒಳಗೆ ಹೋಗುತ್ತದೆ. ಎರಡು ಕಡೆಯೂ ಅಳತೆ ಸರಿ. ಮಗಳಿಗೆ ಮೊದಲೇ ಹೇಳಬೇಡಿ, ಅವಳೇ ಯೋಚಿಸಲಿ.

ಕಾಲೇಜು ಶುರುವಾಗುವ ತನಕ ಮನೆಯನ್ನು ಅಳೆಯಲಿ. ಊಟದ ಕುರ್ಚಿಯ ಎತ್ತರ, ಅಡುಗೆ ಕಟ್ಟೆಯ ಎತ್ತರ, ಅದರ ಮುಂದೆ ನಿಂತ ಅಮ್ಮನ ಮೊಣಕೈ ಎತ್ತರ. ಕಟ್ಟೆ ಎತ್ತರ ಜಾಸ್ತಿಯಾಗಿ ಅಮ್ಮನ ಭುಜ ನೋಯುತ್ತದಾ ಎಂದೂ ಕೇಳಿ ಬರೆದುಕೊಳ್ಳಲಿ. ಲ್ಯಾಪ್‌ಟಾಪ್ ಎರಡನೆಯ ಸೆಮಿಸ್ಟರಿಗೆ ಕೊಡಿಸಿ.