ಓದುಗರ ಪ್ರಶ್ನೆ: ಮ್ಯೂಸಿಯಂ ಪ್ರದರ್ಶನಕ್ಕೆ ವಸ್ತು ಕೊಡುವ ಮುನ್ನ, ನೋಡಲು ಹೋಗುವ ಮುನ್ನ

ಪ್ರಶ್ನೆ: ನಮ್ಮ ಭಾಗದ ಮ್ಯೂಸಿಯಂನಲ್ಲಿ ಹಳೆಯ ಕುಟುಂಬ ಫೋಟೊಗಳ ಪ್ರದರ್ಶನ ಬರಲಿದೆ. ಮೂರು ತಿಂಗಳ ಮಟ್ಟಿಗೆ ಫೋಟೊ ಕೊಡಿ ಎಂದು ಊರವರನ್ನೆಲ್ಲ ಕೇಳಿದ್ದಾರೆ. ನಮ್ಮಲ್ಲಿರುವ ಅಜ್ಜಿಯ ಮದುವೆ ಫೋಟೊ ಚೌಕಟ್ಟಿನ ಗಾಜಿಗೆ ಅಂಟಿಕೊಂಡಂತಿದೆ. ಬಿಡಿಸಿ, ಒರೆಸಿ ಕೊಡಬೇಕೆ?

ಉತ್ತರ: ದಯವಿಟ್ಟು ಬಿಡಿಸಬೇಡಿ. ಚೌಕಟ್ಟಿನ ಸಮೇತ ತೆಗೆದುಕೊಂಡು ಹೋಗಿ. ಹಳೆಯ ಕಪ್ಪು-ಬಿಳುಪು ಫೋಟೊಗಳಲ್ಲಿ ಸಾಮಾನ್ಯವಾಗಿ ಚಿತ್ರ ಇರುವುದು ಕಾಗದದ ಮೇಲಿನ ತೆಳು ಜೆಲಟಿನ್ ಪದರದಲ್ಲಿ. ತೇವ ತಾಗಿದರೆ ಜೆಲಟಿನ್ ಉಬ್ಬಿ ಅಂಟಂಟಾಗುತ್ತದೆ. ಗಾಜಿಗೂ ಫೋಟೊಗೂ ನಡುವೆ ಜಾಗ ಬಿಡದೆ ಕಟ್ಟು ಹಾಕಿದ್ದರೆ ಗಾಜನ್ನೇ ಕಚ್ಚಿಕೊಂಡು ಒಣಗುತ್ತದೆ. ಎಳೆದರೆ ಕಾಗದ ಕೈಗೆ ಬರುತ್ತದೆ, ಅಜ್ಜಿಯ ಮುಖ ಗಾಜಿನಲ್ಲೇ ಉಳಿಯುತ್ತದೆ. ಎಲ್ಲೆಲ್ಲಿ ಅಂಟಿದೆ ಎಂದು ತಿಳಿಯಲು ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಅಂಟಿದ ಕಡೆ ಒದ್ದೆಯಾದಂತೆ ಗಾಢವಾಗಿ ಕಾಣುತ್ತದೆ. ಅಂಥ ಫೋಟೊವನ್ನು ಗಾಜಿನ ಮೂಲಕವೇ ಸ್ಕ್ಯಾನ್ ಮಾಡಬಹುದು. ಎಷ್ಟೋ ಪ್ರದರ್ಶನಗಳಿಗೆ ಒಳ್ಳೆಯ ಪ್ರತಿಯೊಂದೇ ಸಾಕು, ಆದ್ದರಿಂದ ಮೂಲವೇ ಬೇಕೆ ಎಂದು ಮೊದಲು ಕೇಳಿ.

ಫೋಟೊದ ಕಪ್ಪು ಭಾಗದಲ್ಲಿ, ಅದರಲ್ಲೂ ಅಂಚಿನಲ್ಲಿ, ನೀಲಿ ಛಾಯೆಯ ಕನ್ನಡಿಯಂಥ ಹೊಳಪು ಕಂಡರೆ ಉಜ್ಜಬೇಡಿ. ಅದು ಕೊಳೆಯಲ್ಲ, ಚಿತ್ರದೊಳಗಿನ ಬೆಳ್ಳಿಯೇ ಮೇಲ್ಮೈಗೆ ಬಂದಿರುವುದು. ಬಿಡಿ ಫೋಟೊಗಳಾದರೆ ಲ್ಯಾಮಿನೇಷನ್, ಅಂಟುಪಟ್ಟಿ ಎರಡೂ ಬೇಡ. ಹೆಸರು ಬರೆಯಲೇಬೇಕೆಂದರೆ ಹಿಂಬದಿಯ ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲ್‌ನಿಂದ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂದೆ ಗೀರಾಗಿ ಮೂಡುತ್ತದೆ.

ಇನ್ನು ಕಾಗದಪತ್ರ. ಪರಿಚಯದವರೇ ಕೇಳಿದ್ದರೂ ಬರಹದಲ್ಲಿ ಒಪ್ಪಂದವಿಲ್ಲದೆ ಕೊಡಬೇಡಿ. ವಸ್ತುವಿನ ವಿವರ ಮತ್ತು ಅಳತೆ, ಕೊಟ್ಟ ದಿನ, ಹಿಂದಿರುಗಿಸುವ ದಿನ, ಪ್ರತಿ ತೆಗೆದು ಅಚ್ಚು ಹಾಕಲು ನಿಮ್ಮ ಒಪ್ಪಿಗೆ ಇದೆಯೇ ಇಲ್ಲವೇ, ಫಲಕದಲ್ಲಿ ನಿಮ್ಮ ಹೆಸರು ಹೇಗೆ ಬರಬೇಕು, ಇಷ್ಟೂ ಅದರಲ್ಲಿರಲಿ. ವಿಮೆ ನಿಮ್ಮ ಮನೆಯಿಂದ ಹೊರಟ ಗಳಿಗೆಯಿಂದ ಮನೆಗೆ ಮರಳುವವರೆಗೂ ಇರಬೇಕು. ಬರೀ ಗ್ಯಾಲರಿಯಲ್ಲಿರುವಷ್ಟು ದಿನಕ್ಕೆ ಮಾಡಿಸಿದರೆ ಸಾಗಿಸುವಾಗಿನ ಅಪಾಯ ನಿಮ್ಮ ಪಾಲಿಗೇ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ ಸ್ಥಿತಿ ವರದಿ: ಈಗಾಗಲೇ ಇರುವ ಹರಕು, ಕಲೆ, ಮಡಿಕೆಗಳನ್ನು ಚಿತ್ರ ಸಮೇತ ಗುರುತಿಸಿ ಇಬ್ಬರೂ ಸಹಿ ಹಾಕಿ. ವಾಪಸು ಪಡೆಯುವಾಗ ಅದೇ ವರದಿ ಹಿಡಿದು, ಅಲ್ಲೇ ನಿಂತು ಹೋಲಿಸಿ ನೋಡಿ.

ಪ್ರಶ್ನೆ: ಬಟ್ಟೆ, ಹಸ್ತಪ್ರತಿಗಳ ಪ್ರದರ್ಶನಗಳಲ್ಲಿ ಯಾಕಷ್ಟು ಕತ್ತಲು? ವಯಸ್ಸಾದವರಿಗೆ ಏನೂ ಕಾಣುವುದಿಲ್ಲ.

ಉತ್ತರ: ಇಂಥ ವಸ್ತುಗಳಿಗೆ ಸಾಮಾನ್ಯವಾಗಿ 50 ಲಕ್ಸ್ (ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ) ಬೆಳಕಿನ ಮಿತಿ ಇಟ್ಟುಕೊಳ್ಳುತ್ತಾರೆ. ಬಣ್ಣ ಮಾಸುವುದು ಒಟ್ಟು ಬಿದ್ದ ಬೆಳಕಿನ ಲೆಕ್ಕದಲ್ಲಿ, ಮಾಸಿದ್ದು ಮತ್ತೆ ಬರುವುದಿಲ್ಲ. ದಿನಕ್ಕೆ 8 ಗಂಟೆಯಂತೆ 90 ದಿನ 50 ಲಕ್ಸ್ ಬಿದ್ದರೆ 36,000 ಲಕ್ಸ್-ಗಂಟೆ. ಓದಲು ಹಿತವಾದ 500 ಲಕ್ಸ್ ಇಟ್ಟರೆ ಅಷ್ಟೇ ಬೆಳಕು 9 ದಿನದಲ್ಲಿ ಮುಗಿದುಹೋಗುತ್ತದೆ. ಪ್ರದರ್ಶನದ ನಡುವೆ ಪುಟ ತಿರುವಿಡುವುದು, ಬಟ್ಟೆ ಬದಲಿಸುವುದು ಇದೇ ಕಾರಣಕ್ಕೆ. ಇಷ್ಟಪಟ್ಟ ಪುಟವೊಂದನ್ನೇ ನೋಡಬೇಕೆಂದಿದ್ದರೆ ಅದು ಯಾವ ವಾರಗಳಲ್ಲಿ ಇರುತ್ತದೆ ಎಂದು ವಿಚಾರಿಸಿಕೊಂಡು ಹೊರಡಿ.

ನಿಮ್ಮ ದೂರಿನಲ್ಲೂ ಹುರುಳಿದೆ. ಬಿಸಿಲಿನಿಂದ ನೇರ ಒಳಬಂದ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು, ಹಿರಿಯರಿಗೆ ಇನ್ನೂ ಹೆಚ್ಚು. ಒಳಗಿನ ಪಡಸಾಲೆಯ ಬೆಂಚಿನಲ್ಲಿ ಹತ್ತು ನಿಮಿಷ ಕೂರಿಸಿ ಕರೆದೊಯ್ಯಿರಿ. ಬೆಳಕು ಕಡಿಮೆ ಇರುವಲ್ಲಿ ಫಲಕದ ಅಕ್ಷರ ದಪ್ಪವಿರಬೇಕಾದ್ದು ಮ್ಯೂಸಿಯಂನ ಹೊಣೆ. ದೊಡ್ಡಕ್ಷರದ ಕೈಪಿಡಿ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಅಭಿಪ್ರಾಯ ಪುಸ್ತಕದಲ್ಲಿ ಬರೆದು ಬನ್ನಿ.

ಪ್ರಶ್ನೆ: ನಲವತ್ತು ಮಕ್ಕಳನ್ನು ಕರೆದೊಯ್ಯಬೇಕಿದೆ. ಏನು ಸಿದ್ಧತೆ?

ಉತ್ತರ: ಹತ್ತತ್ತರ ನಾಲ್ಕು ಗುಂಪು, ಗುಂಪಿಗೊಬ್ಬ ದೊಡ್ಡವರು. ನಾಲ್ಕೂ ಗುಂಪು ಬಾಗಿಲ ಹತ್ತಿರದ ಮೊದಲ ಗಾಜಿನ ಪೆಟ್ಟಿಗೆಗೇ ಮುತ್ತಿಕೊಂಡರೆ ಹಿಂದಿನವರಿಗೆ ಬೆನ್ನು ಬಿಟ್ಟು ಬೇರೇನೂ ಕಾಣದು. ಒಂದೊಂದು ಗುಂಪು ಒಂದೊಂದು ಮೂಲೆಯಿಂದ ಶುರುಮಾಡಲಿ. ಪೆನ್ಸಿಲ್ ಮಾತ್ರ ಕೊಡಿ, ಬೆನ್ನಚೀಲ ಹೊರಗಿಡಿಸಿ. ಫಲಕ ನೋಡಿ ನಕಲು ಮಾಡುವ ಪ್ರಶ್ನೆಗಳು ಬೇಡ. "ಈ ಮಡಕೆಯ ಯಾವ ಭಾಗ ಹೆಚ್ಚು ಸವೆದಿದೆ, ಯಾಕೆ?" ಎಂದು ಕೇಳಿದರೆ ಮಗು ಮಡಕೆಯನ್ನೇ ನೋಡುತ್ತದೆ. ಅಂಥ ಮೂರು ಪ್ರಶ್ನೆ, ಮುಕ್ಕಾಲು ಗಂಟೆ ಸಾಕು.

ಪ್ರಶ್ನೆ: ಎಲ್ಲ ಸಿದ್ಧವಾದಂತೆ ಕಂಡರೂ ಉದ್ಘಾಟನೆ ಮುಂದೆ ಹಾಕುತ್ತಾರಲ್ಲ?

ಉತ್ತರ: ಹಲವು ಸಲ ಕಾರಣ ವಸ್ತುಗಳನ್ನಿಡುವ ಹೊಸ ಗಾಜಿನ ಪೆಟ್ಟಿಗೆಯ ವಾಸನೆ. ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ), ಹಸಿ ಬಣ್ಣದಿಂದ ಆಮ್ಲದ ಆವಿ ಹೊರಡುತ್ತದೆ. ಮುಚ್ಚಿದ ಗಾಜಿನೊಳಗೆ ಅದು ಸೀಸದ ನಾಣ್ಯ, ಮುದ್ರೆಗಳನ್ನು ಬಿಳಿ ಪುಡಿಯಾಗಿಸಬಲ್ಲದು. ಬಣ್ಣ ಪೂರ್ತಿ ಆರಲು ವಾರಗಟ್ಟಲೆ ಬಿಡಬೇಕು. ದೂರದಿಂದ ವಸ್ತುಗಳನ್ನು ತುಂಬಿ ತಂದ ಪೆಟ್ಟಿಗೆಗಳನ್ನು ಕೂಡ ಕೋಣೆಯ ಹವೆಗೆ ಹೊಂದಿಕೊಳ್ಳಲೆಂದು ಸಾಮಾನ್ಯವಾಗಿ 24 ಗಂಟೆ ಬಿಚ್ಚದೆ ಇಡುತ್ತಾರೆ. ದೂರದಿಂದ ಬರುವವರಾದರೆ ಉದ್ಘಾಟನೆಯ ದಿನಕ್ಕೇ ಟಿಕೆಟ್ ಮಾಡಿಸದೆ ಎರಡನೆಯ ವಾರಕ್ಕೆ ಇಟ್ಟುಕೊಳ್ಳಿ.